ಹಾಸನದ ಕ್ರೀಡಾಂಗಣದಲ್ಲಿ ಸಿಕ್ಕ ಅಣ್ಣನಿಗೆ

ಭಾನುವಾರ ಬೆಳಿಗ್ಗೆ ಹಾಸನದ ಜಿಲ್ಲಾ ಕ್ರೀಡಾಂಗಣದಲ್ಲಿ ನನಗೆ ವಾಲಿಬಾಲ್ ಪಾಸ್ ಹೇಳಿಕೊಟ್ಟ ಅಣ್ಣ, ನಿಮ್ಮ ಹೆಸರು ಕೇಳುವುದೇ ಮರೆತುಹೋಯಿತು. ತುಂಬಾ ಥ್ಯಾಂಕ್ಸ್.

ಇಷ್ಟು ದಿನ ನಾನು ಸುಮ್ನೆ ಕೈ ಬೀಸುತ್ತಿದ್ದೆ, ಚೆಂಡು ತಲೆಯ ಹಿಂದಕ್ಕೆ ಹಾರುತ್ತಿತ್ತು. ನೀವು ನನ್ನ ಎರಡೂ ಹೆಬ್ಬೆರಳು ಜೋಡಿಸಿ, ಮೊಣಕೈ ನೇರ ಮಾಡಿಸಿ, ಮಣಿಕಟ್ಟಿಗಿಂತ ಸ್ವಲ್ಪ ಮೇಲೆ ಬೆರಳಿಟ್ಟು, ‘ಚೆಂಡು ಇಲ್ಲಿಗೆ ಬೀಳಬೇಕು, ಬೀಸಬೇಡ, ಮಂಡಿಯಿಂದ ಎದ್ದರೆ ಸಾಕು’ ಎಂದಿರಿ. 260–280 ಗ್ರಾಂ ಚೆಂಡಿಗೆ ಅಷ್ಟು ಬಲ ಯಾಕೆ, ಅಲ್ವಾ? ಮೊದಲು ಕಾಲು ಓಡಬೇಕು, ಕೈ ಆಮೇಲೆ ಅನ್ನುವುದನ್ನು ನನಗೆ ಯಾರೂ ಹೇಳಿರಲಿಲ್ಲ.

ನಿನ್ನೆ ಹತ್ತರಲ್ಲಿ ಏಳು ಪಾಸ್ ನೇರ ಸೆಟ್ಟರ್ (ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಆಟಗಾರ) ಕೈಗೆ ಹೋದವು! ಮುಂದಿನ ಭಾನುವಾರ ಬರುತ್ತೀರಾ ಅಣ್ಣ? ಕಾಫಿ ನನ್ನ ಲೆಕ್ಕ.