ದಾವಣಗೆರೆ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ: ಫೋನ್ ಕೈಕೊಟ್ಟ ರಾತ್ರಿ ಆಸ್ಪತ್ರೆಗೆ ದಾರಿ ಯಾವುದು?

ಮಾನ್ಯ ಜಿಲ್ಲಾಧಿಕಾರಿಗಳೇ,

ವಿಪತ್ತು ನಿರ್ವಹಣಾ ಕಾಯ್ದೆ, 2005ರಂತೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ತಾವೇ. ಹಾಗಾಗಿ ತಮ್ಮನ್ನೇ ಕೇಳುತ್ತಿದ್ದೇವೆ.

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾತ್ರಿ ಬಸ್ಸೊಂದು ಉರುಳಿ 40 ಗಾಯಾಳುಗಳು ಒಮ್ಮೆಲೇ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಬಂದರೆ, ಹಾಸಿಗೆ, ರಕ್ತಕ್ಕಿಂತ ಮೊದಲು ಸಾಲದಾಗುವುದು ಫೋನು. ಸಂಬಂಧಿಕರು, ಪೊಲೀಸರು, ಸುದ್ದಿಯವರು ಎಲ್ಲರೂ ಅದೇ ಟವರಿಗೆ ಮುಗಿಬೀಳುತ್ತಾರೆ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ಕರೆಯನ್ನು ಮನೆಯಲ್ಲಿ ಮಲಗಿರುವ ಅರಿವಳಿಕೆ ವೈದ್ಯರು ನೋಡಿದರೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ.

ಇಂಟರ್‌ಕಾಮ್ ಇದೆಯಲ್ಲ ಎನ್ನಬಹುದು. ಕರೆಂಟ್ ಹೋದರೆ ಜನರೇಟರ್ ಕೆಲವೇ ಸೆಕೆಂಡುಗಳಲ್ಲಿ ಹಿಡಿದುಕೊಳ್ಳುತ್ತದೆ, ನಿಜ. ಆದರೆ ಇಂಟರ್‌ಕಾಮ್ ಕರೆಗಳನ್ನು ಜೋಡಿಸುವ ಇಪಿಎಬಿಎಕ್ಸ್ ಪೆಟ್ಟಿಗೆಗೆ ಯುಪಿಎಸ್ ಇಲ್ಲದಿದ್ದರೆ ಆ ಕೆಲವು ಸೆಕೆಂಡಿಗೇ ಅದು ಆಫ್ ಆಗಿ, ಮತ್ತೆ ಶುರುವಾಗಲು ನಿಮಿಷಗಳೇ ಬೇಕು. ಅಷ್ಟು ಹೊತ್ತು ಕ್ಯಾಶುವಲ್ಟಿಯಿಂದ ಬ್ಲಡ್ ಬ್ಯಾಂಕಿಗೆ ಆಳು ಓಡಬೇಕು.

ಆದ್ದರಿಂದ ವಾಕಿಟಾಕಿ ಬೇಕು. ವಾಕಿಟಾಕಿಗಳು ಬಳಸುವ ಎರಡು ತರಂಗ ಪಟ್ಟಿಗಳಲ್ಲಿ, ಕಟ್ಟಡದೊಳಗೆ ವಿಎಚ್‌ಎಫ್‌ಗಿಂತ ಹೆಚ್ಚು ಆವರ್ತನದ ಯುಎಚ್‌ಎಫ್ ಸಾಮಾನ್ಯವಾಗಿ ವಾಸಿ. ಗೇಟು, ಕ್ಯಾಶುವಲ್ಟಿ, ಆಪರೇಷನ್ ಥಿಯೇಟರ್, ಐಸಿಯು, ಬ್ಲಡ್ ಬ್ಯಾಂಕ್, ಎಕ್ಸ್‌ರೇ, ಶವಾಗಾರ, ಅಧೀಕ್ಷಕರು: ಒಬ್ಬೊಬ್ಬರಿಗೆ ಒಂದು ಸೆಟ್, ಜೊತೆಗೊಂದು ಹೆಚ್ಚುವರಿ ಬ್ಯಾಟರಿ. ಸೀಸದ ಹಾಳೆ ಹಾಕಿದ ಸಿಟಿ ಸ್ಕ್ಯಾನ್ ಕೋಣೆ, ಲಿಫ್ಟ್ ಪಕ್ಕ, ನೆಲಮಾಳಿಗೆಗಳಲ್ಲಿ ದನಿ ಕಡಿಯುತ್ತದೆ; ಕೊಳ್ಳುವ ಮುನ್ನವೇ ಅಲ್ಲೆಲ್ಲ ನಿಂತು ಮಾತಾಡಿ ನೋಡಬೇಕು. ವೆಂಟಿಲೇಟರಿನ ಪಕ್ಕದಲ್ಲಿ ಬಟನ್ ಒತ್ತಬಾರದು, ಎಂಆರ್‌ಐ ಕೋಣೆಗೆ ಸೆಟ್ ಒಯ್ಯಲೇಬಾರದು.

ವಾಕಿಟಾಕಿಯ ದನಿಯನ್ನು ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ರಿಪೀಟರಿಗೆ 12 ವೋಲ್ಟಿನ, 100 ಆಂಪಿಯರ್-ಅವರ್ ಬ್ಯಾಟರಿ ಸಾಕು. ಸರಾಸರಿ 2.5 ಆಂಪಿಯರ್ ಎಳೆದರೆ, ಅರ್ಧ ಮಾತ್ರ ಬಳಸಿದರೂ 20 ಗಂಟೆ ನಡೆಯುತ್ತದೆ. ತರಂಗಾಂತರದ ಪರವಾನಗಿಯನ್ನು ದೂರಸಂಪರ್ಕ ಇಲಾಖೆಯಿಂದ ಪಡೆಯಬೇಕು. ಅರ್ಜಿ ಈಗಲೇ ಹೋಗಲಿ.

ಮಾತಾಡುವುದನ್ನೂ ಕಲಿಸಬೇಕು. ಬಟನ್ ಒತ್ತಿ ಒಂದು ಸೆಕೆಂಡು ತಡೆಯದಿದ್ದರೆ ಮೊದಲ ಪದವೇ ನುಂಗಿಹೋಗುತ್ತದೆ. ಗದ್ದಲದಲ್ಲಿ ಇಪ್ಪತ್ತು ಎಪ್ಪತ್ತಾಗಿ ಕೇಳುತ್ತದೆ. "ಎರಡು, ಸೊನ್ನೆ" ಎಂದು ಬಿಡಿಯಾಗಿ ಹೇಳಿಸಿ, ಕೇಳಿದವರಿಂದ ಮತ್ತೆ ಹೇಳಿಸಬೇಕು. ಗಾಯಾಳುಗಳಲ್ಲಿ ಕೆಂಪು (ತಕ್ಷಣ ಚಿಕಿತ್ಸೆ ಬೇಕಾದವರು) ಎಷ್ಟು, ಹಳದಿ (ಸ್ವಲ್ಪ ಕಾಯಬಲ್ಲವರು) ಎಷ್ಟು, ಹಸಿರು (ಸಣ್ಣ ಗಾಯದವರು) ಎಷ್ಟು ಎಂಬುದನ್ನು ಗೇಟಿನಲ್ಲಿರುವ ಒಬ್ಬರೇ ತಿಳಿಸಬೇಕು.

ಬಾಪೂಜಿ, ಎಸ್‌ಎಸ್ ಆಸ್ಪತ್ರೆಗಳ ಜೊತೆ ಒಂದು ಸಾಮಾನ್ಯ ಚಾನೆಲ್ ಇದ್ದರೆ ಗಾಯಾಳುಗಳನ್ನು ಹಂಚಬಹುದು. ಆರು ತಿಂಗಳಿಗೊಮ್ಮೆ, ರಾತ್ರಿ ಪಾಳಿಯಲ್ಲೇ, ಮೊಬೈಲ್ ಮುಟ್ಟದೆ ಅಣಕು ಕಾರ್ಯಾಚರಣೆ ನಡೆಸಿ. ಅದನ್ನು ಯೋಜಿಸುವ ಸಭೆಗೆ ಟೆಲಿಫೋನ್ ಆಪರೇಟರನ್ನೂ ರಾತ್ರಿ ಪಾಳಿಯ ಶುಶ್ರೂಷಕಿಯರನ್ನೂ ತಪ್ಪದೆ ಕರೆಯಿರಿ.

ಇಂತಿ,
ತುರ್ತು ವಿಭಾಗ ಹಾಗೂ ರೇಡಿಯೋ ಸಂಪರ್ಕ ಬಲ್ಲ ದಾವಣಗೆರೆಯ ನಾಗರಿಕರು