ಯಾರ ಮುಂದೆ ಯಾರಿಗೆ 'ಸಾನ್'

ಚಿರಂಜೀವಿ ಸುಮಂತನಿಗೆ ದೊಡ್ಡಪ್ಪನ ಆಶೀರ್ವಾದಗಳು.

ವೀಸಾ ಬಂತು, ಮುಂದಿನ ತಿಂಗಳು ಜಪಾನಿನ ನಗೋಯಾಗೆ ಹೊರಡುತ್ತೀಯ ಅಂತ ನಿಮ್ಮಪ್ಪ ಹೇಳಿದ. ತುಂಬ ಖುಷಿಯಾಯಿತು. ಚಳಿ, ಊಟದ ವಿಷಯ ನಿಮ್ಮಮ್ಮ ಹೇಳೇ ಹೇಳುತ್ತಾಳೆ. ಅಲ್ಲಿ ಕೆಲಸ ಮಾಡಿ ಬಂದವನಾಗಿ ನಾನು ಜನರನ್ನು ಕರೆಯುವ ರೀತಿಯ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ.

ಮನೆತನದ ಹೆಸರಿಗೆ, ನಮ್ಮ 'ಅವರು' ಇದ್ದ ಹಾಗೆ, 'ಸಾನ್' ಸೇರಿಸಿ ಕರೆಯುವುದು ನಿನಗೆ ಗೊತ್ತೇ ಇದೆ. ಗಂಡಸರಿಗೂ ಅದೇ, ಹೆಂಗಸರಿಗೂ ಅದೇ. ನಿನ್ನ ಹೆಸರಿಗೆ ಮಾತ್ರ ನೀನೇ ಸಾನ್ ಹಚ್ಚಿಕೊಳ್ಳಬೇಡ. ಮೇಲಿನವರು ನಿನ್ನನ್ನು 'ಕುನ್' ಅಂದರೆ ಬೇಜಾರಾಗಬೇಡ, ಕಿರಿಯರನ್ನು ಹಾಗೆ ಕರೆಯುವುದುಂಟು. 'ನೀವು' ಅಂತ ಪುಸ್ತಕದಲ್ಲಿ ಕಲಿತ 'ಅನಾತಾ'ವನ್ನು ಹಿರಿಯರ ಮೇಲೆ ಪ್ರಯೋಗಿಸಬೇಡ. ಹೆಸರು, ಇಲ್ಲವೇ ಹುದ್ದೆ ಹೇಳಿ ಕರೆ. ಇದೆಲ್ಲ ಸುಲಭ, ಬೇಗ ರೂಢಿಯಾಗುತ್ತದೆ.

ಕಷ್ಟ ಶುರುವಾಗುವುದು ಫೋನು ರಿಂಗಾದಾಗ. ಆಫೀಸಿನೊಳಗೆ ನಿಮ್ಮ ಮ್ಯಾನೇಜರನ್ನು 'ತನಾಕಾ-ಕಾಚೋ' ಅನ್ನುತ್ತೀಯ ಅಂತಿಟ್ಟುಕೋ. ಕಾಚೋ ಅಂದರೆ ವಿಭಾಗದ ಮುಖ್ಯಸ್ಥ, ಅದು ಹುದ್ದೆಯ ಹೆಸರು. ಬೇರೆ ಕಂಪನಿಯವರು ಫೋನ್ ಮಾಡಿ, ಸಾನ್‌ಗಿಂತ ಹೆಚ್ಚು ಮರ್ಯಾದೆಯ 'ಸಾಮಾ' ಸೇರಿಸಿ, 'ತನಾಕಾ-ಸಾಮಾ ಇದ್ದಾರಾ?' ಅಂತ ಕೇಳಿದರೆ ನೀನು ಹೇಳಬೇಕಾದ್ದು 'ತನಾಕಾ ವಾ ಗೈಶುತ್ಸು ಶಿತೆ ಒರಿಮಾಸು'. ಸಾನ್ ಇಲ್ಲ, ಕಾಚೋ ಇಲ್ಲ, ಬರೀ ತನಾಕಾ ಹೊರಗೆ ಹೋಗಿದ್ದಾನೆ ಅಂದ ಹಾಗೆ. ನಮ್ಮಲ್ಲಾದರೆ ಯಾರೇ ಕೇಳಲಿ, 'ಸಾಹೇಬರು ಮೀಟಿಂಗಲ್ಲಿ ಇದ್ದಾರೆ' ಅಂತಲೇ ಅಲ್ವಾ ಹೇಳುವುದು? ನಿನ್ನ ನಾಲಿಗೆ ಖಂಡಿತ ತಡವರಿಸುತ್ತದೆ. ಅಲ್ಲಿ ಕಂಪನಿಯೂ ಮನೆಯ ಹಾಗೇ. ಹೊರಗಿನವರ ಮುಂದೆ ಮನೆಯವರನ್ನೆಲ್ಲ ತಗ್ಗಿಸಿಯೇ ಮಾತಾಡಬೇಕು. ಹೆತ್ತ ತಾಯಿಯನ್ನು ಎದುರಿಗೆ 'ಒಕಾಸಾನ್' ಅನ್ನುವವರು ಹೊರಗಿನವರ ಹತ್ತಿರ ಸುಮ್ನೆ 'ಹಹಾ' ಅನ್ನುತ್ತಾರೆ.

ಅದೇ ಫೋನಿನಲ್ಲಿ ತನಾಕಾ ಅವರ ಹೆಂಡತಿ ಮಾತಾಡಿದರೆ? ಆಗ ಕಾಚೋ ವಾಪಸ್ ಬರಬೇಕು. ಅವರ ಮಟ್ಟಿಗೆ ಹೊರಗಿನವನು ನೀನು!

ಮುಂದೆ ಯಾರದಾದರೂ ಮದುವೆಗೆ ಕರೆ ಬಂದೀತು. ಜೊತೆಗೆ ಉತ್ತರ ಬರೆದು ಕಳಿಸುವ ಕಾರ್ಡು ಇರುತ್ತದೆ. ವಿಳಾಸದಲ್ಲಿ ಅವರ ಹೆಸರಿನ ಕೆಳಗೆ ಮರ್ಯಾದೆಯ ಮಾತಿರುವುದಿಲ್ಲ, 'ಇವರಿಗೆ' ಅನ್ನುವಂಥ 'ಯುಕಿ' ಅಂತಷ್ಟೇ ಅಚ್ಚಾಗಿರುತ್ತದೆ. ಅದನ್ನು ಎರಡು ಗೆರೆ ಎಳೆದು ಹೊಡೆದುಹಾಕಿ 'ಸಾಮಾ' ಬರೆ. ಹಿಂಬದಿಯಲ್ಲಿ 'ಗೋ-ಶುಸ್ಸೆಕಿ' ಅಂತಿರುತ್ತದೆ, ಅಂದರೆ ದಯಮಾಡಿಸುತ್ತೀರಿ ಅಂತ. ಆ 'ಗೋ' ಅವರು ನಿನಗೆ ಕೊಟ್ಟ ಮರ್ಯಾದೆ. ಅದನ್ನೂ ಗೆರೆ ಎಳೆದು ಹೊಡಿ. ನನಗಂತೂ ಈ ಪದ್ಧತಿ ಬಹಳ ಇಷ್ಟ.

ಸಂಜೆ ಹೊರಡುವಾಗ ಎಲ್ಲರಿಗೂ 'ಒತ್ಸುಕಾರೆಸಾಮಾ' ಅನ್ನು, ದುಡಿದು ದಣಿದಿರಿ ಅನ್ನುವ ಉಪಚಾರದ ಮಾತು ಅದು. 'ಗೊಕುರೋಸಾಮಾ' ಬೇಡ, ಅದು ಮೇಲಿನವರು ಕೆಳಗಿನವರಿಗೆ ಹೇಳುವ ಮಾತು.

ಜಾಸ್ತಿ ಹೆದರಬೇಡ, ಜಪಾನಿಯರಿಗೇ ಇದು ಸಲೀಸಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಕಂಪನಿಗಳು ಕೂರಿಸಿ ಕಲಿಸುತ್ತವೆ. 2007ರಲ್ಲಿ ಸರ್ಕಾರದ ಸಂಸ್ಕೃತಿ ಮಂಡಳಿ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿ, ಮೂರು ಬಗೆ ಅಂತ ಹೇಳಿಕೊಡುತ್ತಿದ್ದ ಮರ್ಯಾದೆಯ ಮಾತನ್ನು ಐದು ಬಗೆ ಮಾಡಿತು. ಹೊಸಬ, ಅದರಲ್ಲೂ ಹೊರದೇಶದವನು ತಪ್ಪಿದರೆ ಸಾಮಾನ್ಯವಾಗಿ ನಕ್ಕು ತಿದ್ದುತ್ತಾರೆ.

ಆ ಫೋನಿನ ಸಾಲು ಮಾತ್ರ ಬಾಯಿಪಾಠ ಮಾಡು. ಭಾನುವಾರ ಸಂಜೆ ನಾನೇ ಹೊರಗಿನ ಕಂಪನಿಯವನಾಗಿ ಫೋನ್ ಮಾಡಿ ತನಾಕಾ ಅವರನ್ನು ಕೇಳುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ