ಶಾಸಕರೇ, ಹೊಗೆಯಾಡುವ ಅಡಿಕೆ ಸಿಪ್ಪೆಯ ಬಗ್ಗೆ ನಿಮ್ಮ ಹತ್ತಿರ ಒಂದು ಮಾತು

ಶಿರಸಿ ಭಾಗದ ನಮ್ಮ ಶಾಸಕರಿಗೆ ನಮಸ್ಕಾರ.

ದೀಪಾವಳಿ ಮುಗಿಯಿತು ಅಂದರೆ ನಮ್ಮಲ್ಲಿ ಅಡಿಕೆ ಗೊನೆ ಕೊಯ್ಲಿನ ಗಡಿಬಿಡಿ. ಕೆಂಪಡಿಕೆ ಮಾಡುವ ಮನೆಗಳಲ್ಲಿ ರಾತ್ರಿ ಹನ್ನೊಂದರ ತನಕ ಸುಲಿಯುತ್ತಾರೆ. ಸುಲಿದ ಅಡಿಕೆ ಬೇಯಲು ಹಂಡೆಗೆ ಹೋಗುತ್ತದೆ, ಹಸಿ ಸಿಪ್ಪೆ ರಸ್ತೆ ಬದಿಗೆ ಹೋಗುತ್ತದೆ. ಸ್ವಲ್ಪ ಒಣಗಿದ ಮೇಲೆ ಯಾರೋ ಅದಕ್ಕೆ ಬೆಂಕಿ ಇಡುತ್ತಾರೆ. ಅದು ನೆಟ್ಟಗೆ ಉರಿಯುವುದೂ ಇಲ್ಲ, ದಿನಗಟ್ಟಲೆ ಹೊಗೆಯಾಡುತ್ತಲೇ ಇರುತ್ತದೆ. ನನ್ನ ಅಮ್ಮನಿಗೆ ದಮ್ಮು. ಆ ದಿನಗಳಲ್ಲಿ ಅವರು ಜಗಲಿಗೇ ಬರುವುದಿಲ್ಲ.

ಈ ಸಿಪ್ಪೆಯ ಮೇಲೆ ಅಣಬೆ ಬೆಳೆಸಿ, ಅಣಬೆ ಕೊಯ್ದ ಮೇಲೆ ಉಳಿದದ್ದರಿಂದ ಲ್ಯಾಕೇಸ್ ಅನ್ನುವ ಕಿಣ್ವ (ಎಂಜೈಮ್, ಅಂದರೆ ಜೀವಿಗಳಲ್ಲಿ ಹುಟ್ಟಿ ರಾಸಾಯನಿಕ ಕ್ರಿಯೆ ಚುರುಕು ಮಾಡುವ ವಸ್ತು) ತೆಗೆಯುವ ಪ್ರಯೋಗ ಶಿರಸಿಯಲ್ಲೇ ಆಗಬೇಕು, ಅದಕ್ಕೆ ನಿಮ್ಮ ಪ್ರದೇಶಾಭಿವೃದ್ಧಿ ನಿಧಿಯಿಂದ ಸ್ವಲ್ಪ ಹಣ ಬೇಕು. ಇದನ್ನು ಕೇಳಲಿಕ್ಕೇ ಈ ಪತ್ರ.

ನಾನು, ನನ್ನ ಹೆಂಡತಿ ಹಳೇ ಕೊಟ್ಟಿಗೆಯಲ್ಲಿ ಚಿಪ್ಪು ಅಣಬೆ ಬೆಳೆಯುತ್ತೇವೆ. ಮೊದಲೆಲ್ಲ ಬರೀ ಭತ್ತದ ಹುಲ್ಲು ಹಾಕುತ್ತಿದ್ದೆವು. ಈಗ ನಮ್ಮ ಕಡೆ ಗದ್ದೆಯೇ ಕಡಿಮೆ, ಹುಲ್ಲು ಸಿಗುವುದು ಕಷ್ಟ. ಹಾಗಾಗಿ ಒಂದಿಷ್ಟು ಚೀಲಕ್ಕೆ ಒಣಗಿಸಿ, ಕೊಚ್ಚಿ, ನೆನೆಸಿ, ಬೇಯಿಸಿದ ಅಡಿಕೆ ಸಿಪ್ಪೆ ಬೆರೆಸಿದೆವು. ಎರಡು ತಿಂಗಳ ಮೇಲೆ, ಎರಡು ಕೊಯ್ಲು ಮುಗಿದ ಒಂದು ಚೀಲ ಬಿಚ್ಚಿ ನೋಡಿದೆ. ಹಾಕುವಾಗ ಕಂದು ಬಣ್ಣ ಇದ್ದ ಸಿಪ್ಪೆ ಹಳದಿ ಮಿಶ್ರಿತ ಬಿಳಿ ಆಗಿತ್ತು. ಎರಡೂ ಕೈಯಲ್ಲಿ ಹಿಡಿದು ಎಳೆದರೂ ಹರಿಯದ ಸಿಪ್ಪೆ ಅದು, ಈಗ ಬೆರಳಲ್ಲಿ ಹಿಸುಕಿದರೆ ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತಿತ್ತು. ಸೊಪ್ಪಿನ ಬೆಟ್ಟದಲ್ಲಿ ಬಿದ್ದ ಮರ ಹೀಗೇ ಬೆಳ್ಳಗಾಗಿ, ಮೆತ್ತಗಾಗಿ ಹೋಗುವುದನ್ನು ನೀವೂ ನೋಡಿರುತ್ತೀರಿ ಅಲ್ವಾ? ಆ ಕೆಲಸ ಮಾಡುವ ಅಣಬೆಗಳ ಗುಂಪಿಗೇ ಚಿಪ್ಪು ಅಣಬೆಯೂ ಸೇರುತ್ತದೆ.

ಸಿಪ್ಪೆಗೂ ಮರಕ್ಕೂ ಗಟ್ಟಿತನ ಕೊಡುವುದು ಲಿಗ್ನಿನ್ ಅನ್ನುವ ವಸ್ತು. ಅಣಬೆ ಅದನ್ನು ಹಾಗೇ ನುಂಗಲಾರದು. ತನ್ನ ಎಳೆಗಳಿಂದ ಕೆಲವು ಕಿಣ್ವಗಳನ್ನು ಹೊರಗೆ ಬಿಟ್ಟು, ಅಲ್ಲೇ ಅದನ್ನು ಮುರಿದುಕೊಳ್ಳುತ್ತದೆ. ಅವುಗಳಲ್ಲಿ ಒಂದು ಲ್ಯಾಕೇಸ್. ಇದರೊಳಗೆ ತಾಮ್ರದ ನಾಲ್ಕು ಪರಮಾಣು ಇರುತ್ತವೆ. ಲಿಗ್ನಿನ್‌ನಂಥ ವಸ್ತುಗಳಿಂದ ಎಲೆಕ್ಟ್ರಾನ್ ಕಿತ್ತು ಗಾಳಿಯ ಆಮ್ಲಜನಕಕ್ಕೆ ಕೊಡುವುದು ಇದರ ಕೆಲಸ, ಆ ಆಮ್ಲಜನಕ ಕೊನೆಗೆ ನೀರಾಗುತ್ತದೆ. ಕ್ಲೋರಿನ್ ಬೇಡ, ಬೆಂಕಿ ಬೇಡ.

ತಾಮ್ರ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಮೈಲುತುತ್ತ. ಮಳೆಗಾಲದಲ್ಲಿ ಸುಣ್ಣ ಸೇರಿಸಿ ಕೊಳೆರೋಗಕ್ಕೆ ಹೊಡೆಯುತ್ತೇವಲ್ಲ, ಅದೇ. ಪ್ರಯೋಗಾಲಯದಲ್ಲಿ ಅಣಬೆ ಬೆಳೆಸುವಾಗ ಅದೇ ತುತ್ತವನ್ನು ತೀರಾ ಸ್ವಲ್ಪ ಹಾಕಿದರೆ ಎಷ್ಟೋ ಜಾತಿಯ ಅಣಬೆಗಳು ಲ್ಯಾಕೇಸನ್ನು ಜಾಸ್ತಿ ಬಿಡುತ್ತವೆ. ಇದು ತಿಳಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಯಾಕೆಂದರೆ ಬೇಕಾದ್ದು ಎಲ್ಲವೂ ನಮ್ಮ ಅಟ್ಟದಲ್ಲೇ ಇದೆ.

ಈ ಕಿಣ್ವ ಮೊದಲು ಸಿಕ್ಕಿದ್ದು ಮರದಲ್ಲಿ. 1883ರಲ್ಲಿ ಯೋಶಿದಾ ಅನ್ನುವ ಜಪಾನಿನ ರಸಾಯನ ವಿಜ್ಞಾನಿ ಅಲ್ಲಿ ಪಾತ್ರೆಗಳಿಗೆ ಮೆರುಗಿಗೆಂದು ಹಚ್ಚುವ ಅರಗಿನ ಮರದ ಸೊನೆಯಲ್ಲಿ ಇದನ್ನು ಗುರುತಿಸಿದರು. ಆಮೇಲೆ ಫ್ರಾನ್ಸಿನ ಬೆರ್ಟ್ರಾಂಡ್ ಲ್ಯಾಕೇಸ್ ಅಂತ ಹೆಸರಿಟ್ಟರು. ಆ ಸೊನೆ ಹಚ್ಚಿದ ಪಾತ್ರೆ ಒಣ ಗಾಳಿಯಲ್ಲಿ ಸರಿಯಾಗಿ ಗಟ್ಟಿಯಾಗುವುದಿಲ್ಲ, ತೇವದ ಗಾಳಿ ಬೇಕು. ಕಿಣ್ವ ಆಗಲೇ ಚೆನ್ನಾಗಿ ಕೆಲಸ ಮಾಡುವುದು. ಆ ಮರ ನಮ್ಮ ಮಾವು, ಗೇರಿನ ಕುಟುಂಬದ್ದೇ.

ಇದೆಲ್ಲ ಸರಿ, ಕೊಳ್ಳುವವರು ಯಾರು ಅಂತ ನೀವು ಕೇಳಬೇಕು, ಕೇಳುತ್ತೀರಿ. ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್ ಕಂಪನಿ 1996ರಲ್ಲೇ ಜೀನ್ಸ್ ಬಟ್ಟೆಯ ನೀಲಿ ತೆಳುವಾಗಿಸಲು ಲ್ಯಾಕೇಸನ್ನು ಮಾರುಕಟ್ಟೆಗೆ ತಂದಿತು. ಬ್ಲೀಚಿನ ಬಳಕೆ ಇದರಿಂದ ಕಡಿಮೆ ಮಾಡಬಹುದು. ಕಾಗದದ ತಿರುಳು ಬೆಳ್ಳಗಾಗಿಸಲು, ಹಣ್ಣಿನ ರಸ ತಿಳಿಯಾಗಿಸಲು, ಬಣ್ಣದ ಕೊಳಚೆ ನೀರಿನ ಬಣ್ಣ ತೆಗೆಯಲು ಕೂಡ ಬರುತ್ತದೆ. ಜೀನ್ಸಿಗೆ ಹೆಸರಾದ ಬಳ್ಳಾರಿ ನಮ್ಮ ರಾಜ್ಯದಲ್ಲೇ ಇದೆ. ಅಂಕೋಲಾದಿಂದ ಘಟ್ಟ ಹತ್ತಿದರೆ ಯಲ್ಲಾಪುರ, ಹುಬ್ಬಳ್ಳಿ, ಹೊಸಪೇಟೆ ದಾಟಿ ಬಳ್ಳಾರಿಗೇ ಹೋಗಬಹುದು. ಅಲ್ಲಿ ಬಟ್ಟೆ ತೊಳೆಯುವ ಘಟಕದವರನ್ನು ಒಮ್ಮೆ ಶಿರಸಿಗೆ ಕರೆಸಿ ಮಾತಾಡಿಸುವುದು ನಿಮಗೆ ಒಂದು ಫೋನಿನ ಕೆಲಸ. ನಾವು ಕರೆದರೆ ಯಾರೂ ಬರುವುದಿಲ್ಲ.

ಸುಮ್ನೆ ಆಸೆ ಹುಟ್ಟಿಸುವುದು ನನಗೆ ಇಷ್ಟವಿಲ್ಲ, ಅದಕ್ಕೆ ತೊಡಕನ್ನೂ ಹೇಳುತ್ತೇನೆ. ಚೀಲದಲ್ಲಿ ಉಳಿದದ್ದನ್ನು ನೀರಲ್ಲಿ ಕಲಸಿ ಸೋಸಿದರೆ ಬರುವುದು ಕಚ್ಚಾ ರಸ. ಬಿಸಿ ತಾಗಿದರೆ ಕಿಣ್ವ ಕೆಡುತ್ತದೆ, ತಂಪಲ್ಲಿ ಇಡಬೇಕು. ಜೀನ್ಸಿನಂಥ ಕೆಲಸಕ್ಕೆ ಲ್ಯಾಕೇಸ್ ಒಂದೇ ಸಾಲದು, ಜೊತೆಗೆ ಮಧ್ಯವರ್ತಿಯಂಥ ಇನ್ನೊಂದು ರಾಸಾಯನಿಕ ಬೇಕು, ಅದಕ್ಕೆ ಖರ್ಚಿದೆ. ಬಣ್ಣ ಹೋದ ಮಾತ್ರಕ್ಕೆ ನೀರು ಶುದ್ಧ ಆಯಿತು ಅಂತಲೂ ಅಲ್ಲ, ಮುರಿದ ಚೂರುಗಳಲ್ಲಿ ವಿಷ ಉಳಿದಿದೆಯಾ ಅಂತ ನೋಡಲೇಬೇಕು. ಇವನ್ನೆಲ್ಲ ಕೊಟ್ಟಿಗೆಯಲ್ಲಿ ಕೂತು ನಾನು ಮಾಡಲಾರೆ. ಶಿರಸಿಯಲ್ಲಿ ಅರಣ್ಯ ಕಾಲೇಜು ಇದೆ, ಕಲಿಯುವ ಮಕ್ಕಳಿದ್ದಾರೆ. ರಸದಲ್ಲಿ ಲ್ಯಾಕೇಸ್ ಇದೆಯಾ ಅಂತ ತಿಳಿಯಲು ಗ್ವಾಯಕಾಲ್ ಅನ್ನುವ ರಾಸಾಯನಿಕ ಸಾಕು, ಇದ್ದರೆ ಕೆಂಪು ಮಿಶ್ರಿತ ಕಂದು ಬಣ್ಣ ಬರುತ್ತದೆ. ಎಷ್ಟಿದೆ ಅಂತ ಅಳೆಯಲು ಮಾತ್ರ ಕಲಿತವರು ಬೇಕು.

ಹೋದ ವರ್ಷ ಇದೇ ವಿಷಯ ಹಿಡಿದು ಒಂದು ಕಚೇರಿಗೆ ಅರ್ಜಿ ಕೊಟ್ಟಿದ್ದೆ. ಇದು ಕೃಷಿಯೋ ಕೈಗಾರಿಕೆಯೋ ಅಂತ ತೀರ್ಮಾನ ಆಗದೆ ಮೂರು ಮೇಜು ಸುತ್ತಿ ಅರ್ಜಿ ನನಗೇ ವಾಪಸ್ ಬಂತು. ಅಲ್ಲಿದ್ದವರು ಕೆಟ್ಟವರಲ್ಲ, ಅವರ ಹತ್ತಿರ ಇದಕ್ಕೊಂದು ಯೋಜನೆ ಇರಲಿಲ್ಲ ಅಷ್ಟೇ. ಅದಕ್ಕೇ ನಿಮಗೆ ನೇರವಾಗಿ ಬರೆಯುತ್ತಿದ್ದೇನೆ.

ಒಂದು ಪಂಚಾಯ್ತಿ ಸಾಕು. ಈ ಸುಗ್ಗಿಯಲ್ಲಿ ಅಲ್ಲಿಯ ಸಿಪ್ಪೆಯನ್ನು ರಸ್ತೆಗೆ ಸುರಿಯದೆ ಒಂದು ಕಡೆ ಒಣಗಿಸಲು ಜಾಗ ಕೊಡಿಸಿ, ಸಾಗಿಸುವ ಖರ್ಚು ಕೊಡಿಸಿ, ಕಾಲೇಜಿನವರ ಹತ್ತಿರ ಮಾತಾಡಿ ಒಂದು ಸಣ್ಣ ತಂಪು ಕೋಣೆಗೆ ದಾರಿ ಮಾಡಿಕೊಡಿ. ಅಣಬೆ ಬೆಳೆಯುವ ಹೆಂಗಸರ ಸಂಘಗಳನ್ನೂ ಸೇರಿಸಿಕೊಳ್ಳಿ. ಕಿಣ್ವಕ್ಕೆ ಬೆಲೆ ಬರದಿದ್ದರೂ ಅಣಬೆ ಅಂತೂ ಸಿಕ್ಕೇ ಸಿಗುತ್ತದೆ, ಉಳಿದದ್ದು ತೋಟಕ್ಕೆ ಗೊಬ್ಬರ.

ಸುಲಿಯುವುದು ಶುರುವಾಗುವ ಮೊದಲು ಒಂದು ದಿನ ನಮ್ಮ ಮನೆಗೆ ಬನ್ನಿ. ಹೊಸ ಸಿಪ್ಪೆ ಒಂದು, ಚೀಲದಿಂದ ತೆಗೆದದ್ದು ಒಂದು, ಎರಡನ್ನೂ ನಿಮ್ಮ ಕೈಗೇ ಕೊಡುತ್ತೇನೆ. ಎಳೆದು ನೋಡಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಅಡಿಕೆ ಬೆಳೆಗಾರ